ಹರಿಪಾಡಿನ ನವಿಲು: ಒಬ್ಬ ರಾಣಿಯ ಪತಿಯ ಪದಚ್ಯುತಿ ಮತ್ತು ಅವರ ಪತ್ರ

ರಾಜ್ಯಭಾರದ ಇತಿಹಾಸವನ್ನು ಬರೆಯುವವರಿಗೆ ರಾಜರೂ ದಿವಾನರೂ ಸುಲಭವಾಗಿ ಕೈಗೆ ಸಿಕ್ಕುತ್ತಾರೆ. ಅವರ ಆಜ್ಞೆಗಳು ದಫ್ತರಗಳಲ್ಲಿರುತ್ತವೆ, ಕಟ್ಟಿಸಿದ ಸೇತುವೆಗಳ ಮೇಲೆ ಅವರ ಹೆಸರುಗಳಿರುತ್ತವೆ. ಆಳುವವರ ಬಾಳಸಂಗಾತಿಗಳ ಸಂಗತಿ ಹಾಗಲ್ಲ. ಅವರು ಸಭೆಯಲ್ಲಿ ಕಾಣುವರು, ಕಾಗದಪತ್ರಗಳಲ್ಲಿ ಕಾಣರು. ಕಂಡರೂ ಅದು ಬಹುಮಟ್ಟಿಗೆ ಅವರು ಸಭೆಯಿಂದ ಹೊರಬಿದ್ದ ಮೇಲೆ. ಅಮೆರಿಕದ ಮೊದಲ ರಾಷ್ಟ್ರಾಧ್ಯಕ್ಷ ವಾಷಿಂಗ್ಟನ್ನರ ಪತ್ನಿ ಮಾರ್ಥಾ ಅವರು ಗಂಡನೊಡನೆ ತಮಗೆ ನಡೆದ ಪತ್ರವ್ಯವಹಾರವನ್ನು, ಬೆರಳೆಣಿಕೆಯ ಕೆಲವು ಕಾಗದಗಳು ಹೊರತು, ಬೆಂಕಿಗೆ ಹಾಕಿದರು. ರಾಜಧಾನಿಯ ಬದುಕು ತಮಗೊಂದು ಸೆರೆಯಂತಿತ್ತೆಂಬ ಅವರ ಭಾವನೆ ನಮಗೆ ತಿಳಿದುಬಂದಿರುವುದು ಗೆಳತಿಯರಿಗೂ ನೆಂಟರಿಗೂ ಬರೆದ ಕಾಗದಗಳಿಂದ. ಗಂಡಹೆಂಡಿರ ನಡುವಣ ಮಾತು ಬೂದಿಯಾಯಿತು.

ನಾವು ಈಗ ನೆಲೆಸಿರುವ ಈ ನಾಡಿನ ಇತಿಹಾಸದಲ್ಲಿ ಇದಕ್ಕೆ ನೇರ ಪ್ರತಿಯಾದ ಒಂದು ಪ್ರಸಂಗವಿದೆ. ಅಲ್ಲಿ ಆಳುವ ಮನೆತನದವಳು ಹೆಂಡತಿ. ಸಾರ್ವಜನಿಕ ಜೀವನದಿಂದ ದೂಡಲ್ಪಟ್ಟವನು ಗಂಡ. ಅವರಿಬ್ಬರ ನಡುವಣ ಪತ್ರ ಸುಟ್ಟುಹೋಗಲಿಲ್ಲ. ಅಚ್ಚಾಯಿತು, ಪಾಠವಾಯಿತು, ತಲೆಮಾರುಗಳ ಕಾಲ ಕಂಠಪಾಠವಾಯಿತು. ಆದರೆ ಅದನ್ನು ಕಾವ್ಯವೆಂದು ಓದುವ ಅಭ್ಯಾಸವೇ ಬೆಳೆದು ಬಂದುದರಿಂದ ಪತ್ರವೆಂದು ಓದಿದವರು ಕಡಮೆ. ಪ್ರಕೃತ ಲೇಖನ ಅದನ್ನು ಪತ್ರವೆಂದೇ ಓದಲು ಯತ್ನಿಸುತ್ತದೆ.

ಮೊದಲು ತಿರುವಾಂಕೂರಿನ ಮನೆತನದ ಕಟ್ಟಳೆಯನ್ನು ನೆನೆಯಬೇಕು. ಅಲ್ಲಿ ಸಿಂಹಾಸನ ತಂದೆಯಿಂದ ಮಗನಿಗೆ ಬರುವುದಲ್ಲ, ಸೋದರಮಾವನಿಂದ ಸೋದರಳಿಯನಿಗೆ ಬರುವುದು. ತುಳುನಾಡಿನ ಮತ್ತು ಕಾಸರಗೋಡಿನ ಅಳಿಯಸಂತಾನ ಪದ್ಧತಿಯನ್ನು ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆತನದ ಹೆಣ್ಣುಮಕ್ಕಳು ಆಟ್ಟಿಂಗಲ್ ರಾಣಿಯರೆನಿಸುವರು. ಅವರ ಗಂಡುಮಕ್ಕಳು ಮುಂದೆ ಮಹಾರಾಜರಾಗುವರು. ಮಹಾರಾಜರ ಹೆಂಡತಿ ರಾಣಿಯಲ್ಲ. ರಾಣಿಯ ಗಂಡ ರಾಜನಲ್ಲ. ಆ ಗಂಡನಿಗೆ ಕೋಯಿತ್ತಂಬುರಾನ್ ಎಂದು ಹೆಸರು. ಅವನು ಕೆಲವು ಗೊತ್ತಾದ ಕ್ಷತ್ರಿಯ ಮನೆತನಗಳಿಂದ ಬರುವನು, ರಾಣಿಯ ಅರಮನೆಯಲ್ಲಿ ಇರುವನು, ಮುಂದಿನ ಅರಸರ ತಂದೆಯಾಗುವನು. ಆದರೆ ರಾಣಿಗೂ ಮಹಾರಾಜರಿಗೂ ಅವನು ಪ್ರಜೆಯೇ. ಮಾನಕ್ಕೆ ಕೊರತೆಯಿಲ್ಲ, ಹಕ್ಕು ಎಂಬುದು ಎಳ್ಳಷ್ಟೂ ಇಲ್ಲ. ಇಂಥ ಸ್ಥಾನದಲ್ಲಿ ದಡ್ಡನೊಬ್ಬ ಸುಖವಾಗಿ ಬಾಳಿ ಮುಗಿಸಬಹುದು. ಬುದ್ಧಿವಂತನಿಗೆ ಅಪಾಯ ಉಂಟು.

ಕೇರಳವರ್ಮ ವಲಿಯ ಕೋಯಿತ್ತಂಬುರಾನರು ಬುದ್ಧಿವಂತರಾಗಿದ್ದರು. ಅವರು 1845ರಲ್ಲಿ ಚಂಗನಾಶೇರಿಯ ಲಕ್ಷ್ಮೀಪುರಂ ಅರಮನೆಯಲ್ಲಿ ಜನಿಸಿದರು. ಆ ಮನೆತನ ಮೂಲತಃ ಚಂಗನಾಶೇರಿಯದಲ್ಲ. ಮಲಬಾರಿನ ಪರಪ್ಪನಾಡಿನಲ್ಲಿ ಆಳಿಕೊಂಡಿದ್ದ ಅರಸುಮನೆತನ ಅದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ದಂಡು ಮಲಬಾರಿಗೆ ಇಳಿದಾಗ ಊರುಬಿಟ್ಟು ತಿರುವಾಂಕೂರಿನ ಆಶ್ರಯಕ್ಕೆ ಬಂದ ಅನೇಕ ಮನೆತನಗಳಲ್ಲಿ ಅದೂ ಒಂದು. 1790ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ತಿರುವಾಂಕೂರಿನ ಕೋಟೆಸಾಲನ್ನು ಒಡೆದು ಆಲುವದವರೆಗೆ ಬಂದು, ಪೆರಿಯಾರ್ ನದಿಯ ದಡದಲ್ಲಿ ತಂಗಿ, ಅಲ್ಲಿಂದ ಹಿಂದಿರುಗಿತು. ನದಿಯ ತೆಂಕಣ ದಡ ಹೀಗೆ ವಲಸೆ ಬಂದವರಿಗೆ ನೆಲೆಯಾಗಿ ಉಳಿಯಿತು. ಇಂದು ಆಲುವದ ಸೇತುವೆಯನ್ನು ದಾಟುವ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಈ ನೆನಪಿದೆಯೋ! ಮೈಸೂರಿನ ಕತ್ತಿಯಿಂದ ತಪ್ಪಿಸಿಕೊಂಡು ಬಂದ ಮನೆಯವರು ತಿರುವಾಂಕೂರಿನ ರಾಣಿಯರಿಗೆ ಪತಿಗಳನ್ನು ಕೊಡುವ ಮನೆಯವರಾದರು. ಸಂಗೀತಗಾರ ಮಹಾರಾಜ ಸ್ವಾತಿ ತಿರುನಾಳರ ತಂದೆಯೂ ಇದೇ ಮನೆಯವರೇ.

1857ರಲ್ಲಿ ತಿರುವಾಂಕೂರಿನ ಮನೆತನದಲ್ಲಿ ಹೆಣ್ಣುಸಂತಾನ ಕ್ಷೀಣಿಸಿದಾಗ ಮಾವೇಲಿಕ್ಕರದಿಂದ ಇಬ್ಬರು ಬಾಲೆಯರನ್ನು ದತ್ತು ತೆಗೆದುಕೊಂಡರು. ಹಿರಿಯವರಾದ ಲಕ್ಷ್ಮೀಬಾಯಿಯವರಿಗೆ ಆಗ ಒಂಬತ್ತರ ವಯಸ್ಸು. 1859ರಲ್ಲಿ ಕೇರಳವರ್ಮರು ಅವರನ್ನು ಕೈಹಿಡಿದರು. ವರನಿಗೆ ಹದಿನಾಲ್ಕು, ವಧುವಿಗೆ ಹನ್ನೊಂದು. ರಾಜಧಾನಿಗೆ ಬಂದ ಬಾಲಕ ಸಂಸ್ಕೃತದಲ್ಲಿ ಪ್ರೌಢನಾದ, ಇಂಗ್ಲಿಷನ್ನೂ ಕಲಿತ, ಹಳೆಯ ವಿದ್ಯೆಗೂ ಹೊಸ ವಿದ್ಯೆಗೂ ಸೇತುವಾಗಿ ಬೆಳೆದ. ಆಯಿಲ್ಯಂ ತಿರುನಾಳ್ ಮಹಾರಾಜರು 1860ರಲ್ಲಿ ಪಟ್ಟಕ್ಕೆ ಬಂದರು. ಅವರ ದಿವಾನರಾಗಿದ್ದ ಟಿ. ಮಾಧವರಾಯರು ಶಾಲೆ, ರಸ್ತೆ, ಕಂದಾಯಗಳನ್ನು ಹೊಸ ಪದ್ಧತಿಗೆ ತಂದರು. ಶಾಲೆಗಳಿಗೆ ಮಲಯಾಳದಲ್ಲಿ ಪುಸ್ತಕಗಳೇ ಇಲ್ಲವೆಂಬುದು ಕಂಡುಬಂದಾಗ ಪಾಠಪುಸ್ತಕ ಸಮಿತಿ ಏರ್ಪಟ್ಟಿತು. ಆ ದಶಕ ಮುಗಿಯುವುದರೊಳಗೆ ಅದರ ನೇತೃತ್ವ ಕೇರಳವರ್ಮರ ಕೈಗೆ ಬಂದಿತ್ತು. ಅವರು ತಾವೇ ಬರೆದರು, ಇತರರಿಂದ ಬರೆಸಿದರು, ತಿದ್ದಿದರು. ಒಂದು ಭಾಷೆಯ ಗದ್ಯ ಹೀಗಿರಬೇಕೆಂದು ನಿರ್ಣಯಿಸುವ ಕೆಲಸ ಇಪ್ಪತ್ತರ ಹರೆಯದ ಒಬ್ಬರ ಪಾಲಿಗೆ ಬಂದದ್ದು ಅಪೂರ್ವವೆನ್ನಬೇಕು. ರಾಣಿಯ ಪತಿಗೆ ಕಟ್ಟಳೆ ಕೊಡದಿದ್ದ ಸಾರ್ವಜನಿಕ ಜೀವನವನ್ನು ಅವರು ವಿದ್ಯೆಯ ಬಲದಿಂದ ಸಂಪಾದಿಸಿಕೊಂಡರು.

ಅದೇ ಅವರಿಗೆ ಮುಳುವಾಯಿತೆಂದು ಹೇಳಿದರೆ ಮಾತು ತುಸು ಹೆಚ್ಚಾದೀತು, ಆದರೆ ದೂರವಾಗದು. 1872ರಲ್ಲಿ ಮಾಧವರಾಯರು ಮಹಾರಾಜರ ವಿಶ್ವಾಸ ತಪ್ಪಿ ರಾಜ್ಯ ಬಿಟ್ಟುಹೋದರು. ಮಹಾರಾಜರಿಗೂ ಅವರ ತಮ್ಮಂದಿರಾದ ವಿಶಾಖಂ ತಿರುನಾಳರಿಗೂ ಮನಸ್ತಾಪ ಬೆಳೆದಿತ್ತು. ವಿಶಾಖಂ ತಿರುನಾಳರು ಪಂಡಿತರು, ಮುಂದೆ ಪಟ್ಟಕ್ಕೆ ಬರಬೇಕಾದವರು, ಕೇರಳವರ್ಮರಿಗೆ ಆಪ್ತರು. ಅರಮನೆಯಲ್ಲಿ ಯಾರು ಯಾರ ಮನೆಗೆ ಹೋಗುವರೆಂಬುದೂ ರಾಜಕೀಯವಾಗುವ ಕಾಲ ಒಂದಿರುತ್ತದೆ. ತಿರುವನಂತಪುರಕ್ಕೆ ಆಗ ಅದು ಬಂದಿತ್ತು.

ಹೊರಗಿನ ಗಾಳಿಯೂ ಹಾಗೆಯೇ ಇತ್ತು. 1875ರ ಮೊದಲ ತಿಂಗಳುಗಳಲ್ಲಿ ದೇಶವೆಲ್ಲ ಮಾತಾಡುತ್ತಿದ್ದುದು ಬರೋಡೆಯ ಮಲ್ಹಾರರಾವ್ ಗಾಯಕವಾಡರ ವಿಚಾರಣೆಯನ್ನು. ರೆಸಿಡೆಂಟನಿಗೆ ವಿಷ ಹಾಕಿಸಲು ಯತ್ನಿಸಿದರೆಂದು ಅವರ ಮೇಲೆ ಆಪಾದನೆ. ಆರು ಮಂದಿಯ ಆಯೋಗ ಕುಳಿತಿತು. ಬೆಂಗಳೂರಿನ ಕಬ್ಬನ್ ಪಾರ್ಕನ್ನು ಹಾಕಿಸಿದ, ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ರಿಚರ್ಡ್ ಮೀಡ್ ಅದರಲ್ಲಿ ಒಬ್ಬರು. ಇಂಗ್ಲೆಂಡಿನಿಂದ ವಕೀಲರನ್ನು ಕರೆಸಿ ವಾದ ನಡೆಯಿತು. ಬಿಳಿಯ ಸದಸ್ಯರು ಮೂವರು ಒಂದು ಕಡೆಗೂ ಭಾರತೀಯ ಸದಸ್ಯರು ಮೂವರು ಇನ್ನೊಂದು ಕಡೆಗೂ ನಿಂತರು. ಕೊನೆಗೆ ಏಪ್ರಿಲಿನಲ್ಲಿ ದುರಾಡಳಿತದ ಹೆಸರಿನಲ್ಲಿ ಮಲ್ಹಾರರಾಯರನ್ನು ಪಟ್ಟದಿಂದಿಳಿಸಿದರು. ಆ ಸಂಸ್ಥಾನವನ್ನು ಸರಿಪಡಿಸಲು ಕರೆಸಿದ್ದು ಯಾರನ್ನು? ತಿರುವಾಂಕೂರು ಬಿಟ್ಟ ಮಾಧವರಾಯರನ್ನೇ. ವಿಷ, ಪಿತೂರಿ, ರೆಸಿಡೆಂಟರಿಗೆ ಹೋಗುವ ದೂರುಗಳು, ಪಟ್ಟ ಕಳೆದುಕೊಳ್ಳುವ ಭಯ ಇವು ಆ ವರ್ಷ ಎಲ್ಲ ಅರಮನೆಗಳಲ್ಲೂ ಸುಳಿದಾಡುತ್ತಿದ್ದ ನೆರಳುಗಳು.

1875ರ ಆಗಸ್ಟಿನಲ್ಲಿ ಕೇರಳವರ್ಮರನ್ನು ಬಂಧಿಸಿದರು. ಮಹಾರಾಜರ ವಿರುದ್ಧ ಒಳಸಂಚಿನಲ್ಲಿ ಸೇರಿದ್ದಾರೆಂಬುದು ಆಪಾದನೆ. ಬರೋಡೆಯ ಅರಸರಿಗೆ ದೊರೆತ ತೆರೆದ ವಿಚಾರಣೆ ತಿರುವಾಂಕೂರಿನ ರಾಣಿಯ ಪತಿಗೆ ದೊರೆಯಲಿಲ್ಲ. ಅವರನ್ನು ರಾಜಧಾನಿಯಿಂದ ಸಾಗಿಸಿ ಆಲಪ್ಪುಳದ ಅರಮನೆಯಲ್ಲಿಟ್ಟರು. ಒಂದು ವರ್ಷಕ್ಕೂ ಮಿಕ್ಕಿದ ಕಾಲ ಅಲ್ಲಿ ಕಳೆದ ಮೇಲೆ ಹರಿಪಾಡಿನಲ್ಲಿದ್ದ ಸ್ವಂತ ಮನೆತನದವರ ಅನಂತಪುರಂ ಅರಮನೆಗೆ ತಂದರು. ಸ್ಥಳ ಬದಲಾಯಿತು, ನಿರ್ಬಂಧ ಹೋಗಲಿಲ್ಲ. ನೆಂಟರ ನಡುವೆ ಇರುವ ಸೆರೆಯಾಳು, ಹೆಸರಿನಲ್ಲಿ ಅತಿಥಿ. ಇದು 1880ರ ಮೇ ತಿಂಗಳ ಕೊನೆಯಲ್ಲಿ ಆಯಿಲ್ಯಂ ತಿರುನಾಳರು ತೀರಿಕೊಳ್ಳುವವರೆಗೂ ನಡೆಯಿತು. ಅಂದರೆ ಮುವತ್ತನೆಯ ವಯಸ್ಸಿನಿಂದ ಮುವತ್ತೈದರವರೆಗೆ.

ಈ ಐದು ವರ್ಷಗಳಲ್ಲಿ ಅವರು ಏನನ್ನು ಬರೆದರೆಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ಅವರ ಲೇಖನಿ ನಿಲ್ಲಲಿಲ್ಲ. ಆದರೆ ಅದು ಒಂದೇ ದಿಕ್ಕಿಗೆ ತಿರುಗಿತು. ಮಹಾರಾಜರನ್ನು ಸಂಬೋಧಿಸಿ ಸಂಸ್ಕೃತದಲ್ಲಿ ಕ್ಷಮಾಪಣಸಹಸ್ರವೆಂಬ ಕೃತಿಯನ್ನು ರಚಿಸಿದರು. ಯಮನನ್ನು ಕುರಿತು ಯಮಪ್ರಣಾಮಶತಕವನ್ನು ರಚಿಸಿದರು. ಬಿಡುಗಡೆಯನ್ನು ಕೊಡಬಲ್ಲವರು ಇಬ್ಬರೇ ಎಂದು ಅವರು ತೀರ್ಮಾನಿಸಿದಂತಿದೆ: ಒಬ್ಬ ಪದ್ಮನಾಭದಾಸ, ಇನ್ನೊಬ್ಬ ದಕ್ಷಿಣದಿಕ್ಪಾಲ. ಒಬ್ಬನಿಗೆ ಸಾವಿರದ ಲೆಕ್ಕ, ಇನ್ನೊಬ್ಬನಿಗೆ ನೂರರ ಲೆಕ್ಕ. ಮೊದಲನೆಯವನು ಒಲಿಯಲಿಲ್ಲ, ಎರಡನೆಯವನು ಬಂದದ್ದು ನಿಜ, ಆದರೆ ಕರೆದವನ ಬಳಿಗಲ್ಲ.

ಕ್ಷಮಾಪಣಸಹಸ್ರ ಎಂಬ ಹೆಸರನ್ನೇ ಸ್ವಲ್ಪ ಪರಿಶೀಲಿಸಬೇಕು. ಕ್ಷಮೆ ಬೇಡುವವನು ಅಪರಾಧವನ್ನು ಒಪ್ಪಿಕೊಂಡಂತಾಗುತ್ತದೆ. ಅಪರಾಧ ಮಾಡಿಲ್ಲವೆಂದು ಸಾಧಿಸಹೊರಟರೆ ಅರಸನ ತೀರ್ಮಾನ ತಪ್ಪೆಂದು ಹೇಳಿದಂತಾಗುತ್ತದೆ, ಅದು ಎರಡನೆಯ ಅಪರಾಧ. ವಿಚಾರಣೆಯೇ ಇಲ್ಲದ ಕಡೆ ಪ್ರತಿವಾದಿಗೆ ಭಾಷೆಯೇ ಇರುವುದಿಲ್ಲ, ಸ್ತೋತ್ರವೊಂದೇ ಉಳಿಯುತ್ತದೆ. ದೇವತೆಗಳನ್ನು ಕುರಿತು ಅಪರಾಧಕ್ಷಮಾಪಣ ಸ್ತೋತ್ರಗಳನ್ನು ಹೇಳುವ ಭಕ್ತ ತನ್ನ ಅಪರಾಧಗಳನ್ನು ಪಟ್ಟಿಮಾಡುವುದು ಅವನ್ನು ಮಾಡಿದನೆಂದಲ್ಲ, ದೇವರ ಮುಂದೆ ಮನುಷ್ಯನಾಗಿರುವುದೇ ಅಪರಾಧವೆಂಬ ವಿನಯದಿಂದ. ಆ ಹಳೆಯ ಮಾದರಿಯನ್ನು ಹಿಡಿದುದರಲ್ಲಿ ಕೇರಳವರ್ಮರ ಜಾಣತನವೂ ಕಾಣುತ್ತದೆ, ದೈನ್ಯವೂ ಕಾಣುತ್ತದೆ. ಕಾವ್ಯದೃಷ್ಟಿಯಿಂದ ಇದನ್ನು ಹೊಗಳುವವರುಂಟು. ಚರಿತ್ರೆಯ ದೃಷ್ಟಿಯಿಂದ ಅದೊಂದು ಮನವಿಪತ್ರ, ಉತ್ತರ ಬಾರದ ಮನವಿಪತ್ರ.

ಇನ್ನು ರಾಣಿಯವರ ಕಡೆಗೆ ತಿರುಗೋಣ. ಗಂಡ ಸೆರೆಯಾದಾಗ ಲಕ್ಷ್ಮೀಬಾಯಿಯವರಿಗೆ ಇಪ್ಪತ್ತೇಳು ವರ್ಷ. ಅವರಿಗೆ ಮಕ್ಕಳಿರಲಿಲ್ಲ. ರಾಜ್ಯಕ್ಕೆ ಉತ್ತರಾಧಿಕಾರಿಗಳನ್ನು ಕೊಡುವುದೇ ಆಟ್ಟಿಂಗಲ್ ರಾಣಿಯರ ಮುಖ್ಯ ಕರ್ತವ್ಯವೆಂದು ಎಣಿಸಿದ್ದ ಆ ಮನೆತನದಲ್ಲಿ ಇದು ಸಣ್ಣ ಮಾತಲ್ಲ. ಅಳಿಯಕಟ್ಟಿನ ಸಂಪ್ರದಾಯದಲ್ಲಿ ಸಂಬಂಧವನ್ನು ಬಿಡುವುದು ಕಷ್ಟವಲ್ಲ. ಸಮಾಜ ಅದನ್ನು ಕುಂದೆಂದು ಎಣಿಸುವುದೂ ಇಲ್ಲ. ದ್ರೋಹಿಯೆಂದು ಹೆಸರಾದವನನ್ನು ಬಿಟ್ಟು ಮತ್ತೊಬ್ಬರನ್ನು ಕೈಹಿಡಿಯಬೇಕೆಂದು ಅವರಿಗೆ ಹೇಳಿದರು. ಅವರು ಒಪ್ಪಲಿಲ್ಲ.

ಈ ನಿರಾಕರಣೆಯನ್ನು ಪಾತಿವ್ರತ್ಯವೆಂದು ಕರೆದು ಸಾವಿತ್ರಿ ದಮಯಂತಿಯರ ಸಾಲಿಗೆ ಸೇರಿಸುವುದು ಆಗಲೂ ಈಗಲೂ ರೂಢಿ. ಹಾಗೆ ಕರೆದಲ್ಲಿ ಅದರ ತೂಕ ಕಡಮೆಯಾಗುತ್ತದೆ. ಬೇರೆ ನಾಡುಗಳಲ್ಲಿ ಶಾಸ್ತ್ರವೂ ಲೋಕವೂ ಹೆಂಡತಿಯನ್ನು ಗಂಡನಿಗೆ ಕಟ್ಟಿಹಾಕಿರುತ್ತವೆ. ಇಲ್ಲಿ ಶಾಸ್ತ್ರ ಕಟ್ಟಿಹಾಕಿರಲಿಲ್ಲ. ಬಾಗಿಲು ತೆರೆದಿತ್ತು, ಹೊರಗೆ ಹೋಗೆಂದು ಮನೆಯ ಯಜಮಾನರೇ ಹೇಳುತ್ತಿದ್ದರು. ಹೋಗದೆ ಕುಳಿತದ್ದು ಧರ್ಮಶಾಸ್ತ್ರದ ಪಾಲನೆಯಲ್ಲ, ಮಹಾರಾಜರ ಮಾತಿಗೆ ಕೊಟ್ಟ ನೇರವಾದ ಇಲ್ಲವೆಂಬ ಉತ್ತರ. ಐದು ವರ್ಷಗಳ ಕಾಲ ಆ ರಾಜ್ಯದಲ್ಲಿ ಮಹಾರಾಜರಿಗೆ ಪ್ರತಿದಿನವೂ ಇಲ್ಲವೆಂದು ಹೇಳುತ್ತ ರಾಜಧಾನಿಯಲ್ಲೇ ಇದ್ದ ವ್ಯಕ್ತಿ ಅವರು. ಗಂಡನ ಸಾವಿರ ಶ್ಲೋಕಗಳ ಪಕ್ಕದಲ್ಲಿ ಈ ಮೌನವನ್ನು ಇಟ್ಟು ತೂಗಿದರೆ ಯಾವುದು ಭಾರವೆಂದು ಹೇಳುವುದು ಕಷ್ಟವಲ್ಲ.

1878ರಲ್ಲಿ ವಿಕ್ಟೋರಿಯಾ ರಾಣಿ ಹೆಂಗಸರಿಗೆಂದೇ ಕ್ರೌನ್ ಆಫ್ ಇಂಡಿಯಾ ಎಂಬ ಬಿರುದನ್ನು ಸ್ಥಾಪಿಸಿದಳು. 1881ರಲ್ಲಿ, ಮೈಸೂರಿನ ಒಡೆಯರಿಗೆ ರಾಜ್ಯ ಮರಳಿ ಬಂದ ವರ್ಷವೇ, ಲಕ್ಷ್ಮೀಬಾಯಿಯವರಿಗೆ ಆ ಬಿರುದು ಬಂತು. ಪತಿನಿಷ್ಠೆಯನ್ನು ಮೆಚ್ಚಿ ಚಕ್ರವರ್ತಿನಿ ಕೊಟ್ಟದ್ದೆಂದು ಜನ ನಂಬಿದರು. ಪತಿಯನ್ನು ಕಳೆದುಕೊಂಡು ಇಪ್ಪತ್ತು ವರ್ಷ ಶೋಕವಸ್ತ್ರ ಬಿಡದ ವಿಕ್ಟೋರಿಯಾಳಿಗೆ ಇದು ಮೆಚ್ಚುಗೆಯಾಗಿದ್ದರೆ ಆಶ್ಚರ್ಯವಿಲ್ಲ. ಆದರೂ ಮಹಾರಾಜರನ್ನು ಧಿಕ್ಕರಿಸಿದ ಹಠಕ್ಕೆ ಸಾಮ್ರಾಜ್ಯದ ಪದಕ ಬಂದುದರಲ್ಲಿ ಸ್ವಲ್ಪ ವಿನೋದವುಂಟು.

ಇದೇ ಕಾಲದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಹೋಗಲಾಗದು. ರಾಣಿಯವರ ಒಡಹುಟ್ಟಿದ ತಂಗಿಯನ್ನು 1866ರಲ್ಲಿ ಕೈಹಿಡಿದವರು ಚಿತ್ರಕಾರ ರಾಜಾ ರವಿವರ್ಮರು. ಷಡ್ಡಕ ಆಲಪ್ಪುಳದಲ್ಲಿ ಸೆರೆಯಾಗಿದ್ದ 1876ರಲ್ಲಿ ರವಿವರ್ಮರ ಶಕುಂತಲಾ ಪತ್ರಲೇಖನವೆಂಬ ಚಿತ್ರ ಮದ್ರಾಸಿನ ಪ್ರದರ್ಶನದಲ್ಲಿ ಹೆಸರಾಯಿತು. ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಅದನ್ನು ಕೊಂಡರು. ಮೋನಿಯರ್ ವಿಲಿಯಮ್ಸರ ಶಾಕುಂತಲದ ಇಂಗ್ಲಿಷ್ ಅನುವಾದಕ್ಕೆ ಅದು ಮುಖಚಿತ್ರವೂ ಆಯಿತು. ನೆಲದ ಮೇಲೆ ಒರಗಿ, ತಾವರೆಯೆಲೆಯಲ್ಲಿ ದೂರದ ಅರಸನಿಗೆ ಬರೆಯುತ್ತಿರುವ ಹೆಣ್ಣು. ಮನೆಯೊಳಗಿನ ಸುದ್ದಿಯನ್ನು ಚಿತ್ರಕಾರರು ಬರೆದರೆಂದು ವಾದಿಸುವುದು ಸಲ್ಲದು. ಶಕುಂತಲೆ ಎಲ್ಲರ ಸೊತ್ತು. ಆದರೆ ಆ ಚಿತ್ರವನ್ನು ತಿರುವನಂತಪುರದಲ್ಲಿ ನೋಡಿದ ಕಣ್ಣುಗಳಿಗೆ ಬೇರೆ ಏನೂ ನೆನಪಾಗಲಿಲ್ಲವೆಂದು ಹೇಳುವುದೂ ಸಲ್ಲದು.

ಶಕುಂತಲೆಯ ಮಾತು ಬಂದಮೇಲೆ ಅದನ್ನು ಮುಗಿಸಿಯೇ ಮುಂದೆ ಹೋಗಬಹುದು. 1880ರಲ್ಲಿ ವಿಶಾಖಂ ತಿರುನಾಳರು ಪಟ್ಟಕ್ಕೆ ಬಂದರು, ಕೇರಳವರ್ಮರು ಬಿಡುಗಡೆ ಹೊಂದಿ ರಾಜಧಾನಿಗೆ ಮರಳಿದರು. 1882ರಲ್ಲಿ ಅವರ ಮಣಿಪ್ರವಾಳ ಶಾಕುಂತಲ ಹೊರಬಂದಿತು; ಮಲಯಾಳದಲ್ಲಿ ಹೊಸ ನಾಟಕಯುಗ ಅದರಿಂದ ಮೊದಲಾಯಿತೆನ್ನುತ್ತಾರೆ. ಕೇರಳ ಕಾಳಿದಾಸನೆಂಬ ಹೆಸರು ಅವರಿಗೆ ನಿಂತಿತು. ಅದೇ ವರ್ಷಗಳಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳು ಕರ್ಣಾಟಕ ಶಾಕುಂತಲವನ್ನು ರಚಿಸಿ ಅಭಿನವ ಕಾಳಿದಾಸರೆನಿಸಿದರು. ಧಾರವಾಡದ ಕಡೆ ಅವರಿಗಿಂತ ಮುಂಚೆಯೇ ಚುರಮುರಿ ಶೇಷಗಿರಿರಾಯರು ಅದನ್ನು ಕನ್ನಡಿಸಿದ್ದರು. ಎರಡು ಆಸ್ಥಾನಗಳು, ಎರಡು ಶಾಕುಂತಲಗಳು, ಇಬ್ಬರು ಕಾಳಿದಾಸರು. ಸಾಹಿತ್ಯಚರಿತ್ರೆಯಲ್ಲಿ ಇದು ಒಪ್ಪವಾದ ಸಾಮ್ಯ. ಆದರೆ ಮೈಸೂರಿನ ಕಾಳಿದಾಸರಿಗೆ ಇಲ್ಲದ ಒಂದು ಅನುಭವ ತಿರುವಾಂಕೂರಿನ ಕಾಳಿದಾಸರಿಗಿತ್ತು. ಅರಸನೊಬ್ಬ ಸಭೆಯಲ್ಲಿ ಕುಳಿತು, ಮುಂದೆ ನಿಂತವರನ್ನು ತಾನರಿಯೆನೆಂದು ಹೇಳಿ ಕಳುಹಿಸುವ ಐದನೆಯ ಅಂಕವನ್ನು ಅವರು ಗ್ರಂಥದಲ್ಲಿ ಮಾತ್ರ ಓದಿದವರಲ್ಲ. ಇದಕ್ಕಿಂತ ವಿಚಿತ್ರವೆಂದರೆ, ಅವರನ್ನು ಸೆರೆಯಲ್ಲಿಟ್ಟ ಆಯಿಲ್ಯಂ ತಿರುನಾಳರೂ ಆ ನಾಟಕವನ್ನು ಮಲಯಾಳ ಗದ್ಯಕ್ಕೆ ತಂದವರೇ. ಭಾಷಾಶಾಕುಂತಲವೆಂಬುದು ಆ ಗ್ರಂಥ. ಸೆರೆಗೆ ಕಳುಹಿಸಿದವರೂ ಸೆರೆಯಲ್ಲಿದ್ದವರೂ ಒಂದೇ ಉಂಗುರದ ಕಥೆಗೆ ಮನಸೋತಿದ್ದರು! ವಿದ್ಯಾರಸಿಕತೆಯಿಂದ ಅರಸರ ಮನಸ್ಸು ಮೃದುವಾಗುವುದೆಂದು ನಂಬುವವರು ಈ ಸಂಗತಿಯನ್ನು ಗಮನಿಸಬೇಕು.

ಬಿಡುಗಡೆಯಾದ ಮೇಲೆ ಏನು ಮರಳಿ ಬಂದಿತು, ಏನು ಬರಲಿಲ್ಲ? ಪಾಠಪುಸ್ತಕಗಳ ಕಾರ್ಯ ಬಂದಿತು. ಪಂಡಿತಮಂಡಲಿಯ ಮೇಲಣ ಪ್ರಭುತ್ವ ಬಂದಿತು; ಆ ಕಾಲದ ಮಲಯಾಳದಲ್ಲಿ ಯಾವ ಗ್ರಂಥವೂ ಅವರ ಅಭಿಪ್ರಾಯವಿಲ್ಲದೆ ತಲೆಯೆತ್ತುವಂತಿರಲಿಲ್ಲ. ತಮ್ಮನ್ನು ಬಿಡಿಸಿದ ಅರಸರನ್ನು ಕುರಿತು ವಿಶಾಖವಿಜಯವೆಂಬ ಸಂಸ್ಕೃತ ಮಹಾಕಾವ್ಯವನ್ನು ಬರೆದರು. 1895ರಲ್ಲಿ ಸರಕಾರದ ಸಿ. ಎಸ್. ಐ. ಬಿರುದೂ ಬಂದಿತು. ಆದರೆ ರಾಜಕಾರಣದ ಬಾಗಿಲಿಗೆ ಅವರು ಮತ್ತೆ ಹೋದವರಲ್ಲ. ಐದು ವರ್ಷಗಳ ಹಿಂದೆ ಬಲವಂತದಿಂದ ಬಿಡಿಸಿದ್ದನ್ನು ಈಗ ತಾವಾಗಿ ಬಿಟ್ಟರು. ಸಾರ್ವಜನಿಕ ಜೀವನವೆಂಬುದು ಅವರ ಪಾಲಿಗೆ ಅಕ್ಷರದ ಜೀವನವಾಗಿ ಉಳಿಯಿತು.

ಈ ನೆಮ್ಮದಿಯ ನಡುವೆ, ಬಿಡುಗಡೆಯಾಗಿ ಹದಿನಾಲ್ಕು ವರ್ಷಗಳಾದ ಮೇಲೆ, 1894ರಲ್ಲಿ ಮಯೂರಸಂದೇಶ ಹುಟ್ಟಿತು. ಸುಮಾರು 140 ಶ್ಲೋಕಗಳು, ಮಂದಾಕ್ರಾಂತ ವೃತ್ತ, ಮೇಘದೂತದಂತೆ ಪೂರ್ವೋತ್ತರಗಳೆಂಬ ಎರಡು ಭಾಗಗಳು. ಹರಿಪಾಡಿನಲ್ಲಿ ಸುಬ್ರಹ್ಮಣ್ಯನ ದೊಡ್ಡ ದೇವಾಲಯವಿದೆ. ಸ್ವಾಮಿಯ ವಾಹನವಾದ ನವಿಲನ್ನು ಕಂಡು ಸೆರೆಯಲ್ಲಿರುವ ನಾಯಕ ಅದರ ಕೈಯಲ್ಲಿ ತಿರುವನಂತಪುರದ ಪ್ರಿಯೆಗೆ ಸಂದೇಶ ಕಳುಹಿಸುತ್ತಾನೆ. ದಾರಿ 70 ಮೈಲಿಯಷ್ಟು. ನವಿಲು ಕೊಲ್ಲದ ಮಾರ್ಗವಾಗಿ ತೆಂಕಣಕ್ಕೆ ಹೋಗಬೇಕು, ಪದ್ಮನಾಭನ ನಗರವನ್ನು ಸೇರಬೇಕು, ಅರಮನೆಯನ್ನು ಗುರುತಿಸಬೇಕು, ಅವಳಿಗೆ ಹೇಳಬೇಕು.

ಕೇರಳ ಸಂದೇಶಕಾವ್ಯಗಳ ತವರು. ಹದಿನಾಲ್ಕನೆಯ ಶತಮಾನದ ಉಣ್ಣುನೀಲಿಸಂದೇಶದಲ್ಲಿ ದೂತ ತಿರುವನಂತಪುರದಿಂದ ಬಡಗಣಕ್ಕೆ ಕಡುತ್ತುರುತ್ತಿಗೆ ಹೋಗುತ್ತಾನೆ. ಉದ್ದಂಡ ಶಾಸ್ತ್ರಿಗಳ ಕೋಕಿಲಸಂದೇಶದ ಕೋಗಿಲೆ ಕಂಚಿಯಿಂದ ಹೊರಟು ಆಲುವಕ್ಕೆ ಹತ್ತಿರದ ಚೇಂದಮಂಗಲಕ್ಕೆ ಬಂದು ಇಳಿಯುತ್ತದೆ. ಇವುಗಳಲ್ಲಿ ವಿರಹ ಕವಿಸಮಯ. ಕನಸಿನಲ್ಲಿ ಯಕ್ಷಿಯೋ ವಿದ್ಯಾಧರರೋ ನಾಯಕನನ್ನು ಎತ್ತಿಕೊಂಡು ಹೋಗಿ ದೂರದಲ್ಲಿ ಬಿಡದಿದ್ದರೆ ಕಥೆಯೇ ನಡೆಯದು. ಕೇರಳವರ್ಮರಿಗೆ ಯಕ್ಷಿ ಬೇಕಾಗಲಿಲ್ಲ. ಕಾಳಿದಾಸನ ಯಕ್ಷನಂತೆ ಅವರೂ ಒಡೆಯನ ಕೋಪಕ್ಕೆ ಸಿಕ್ಕಿ ದೂರದಲ್ಲಿ ವರ್ಷಗಳನ್ನು ಎಣಿಸಿದವರು. ಯಕ್ಷನಿಗೆ ಒಂದೇ ವರ್ಷದ ಶಾಪ, ಇವರಿಗೆ ಐದು. ಪುಸ್ತಕದ ಸಂಪ್ರದಾಯ ಬಾಳಿಗೆ ಇಷ್ಟು ಅಳತೆಯಾಗಿ ಒಪ್ಪಿದ ಉದಾಹರಣೆ ಭಾರತೀಯ ಸಾಹಿತ್ಯದಲ್ಲಿ ಮತ್ತೊಂದು ಸುಲಭವಾಗಿ ಸಿಕ್ಕದು.

ಆದರೆ ಕಾಲವನ್ನು ಗಮನಿಸಬೇಕು. ಈ ಪತ್ರ ಬರೆದಾಗ ಬರೆದವರೂ ಪಡೆಯಬೇಕಾದವರೂ ಒಂದೇ ಊರಿನಲ್ಲಿದ್ದರು. ನವಿಲು ಹಾರಬೇಕಾದ ದೂರವೇ ಇರಲಿಲ್ಲ. ಹಾಗಾದರೆ ಪತ್ರವೇಕೆ? ವಿಮರ್ಶಕರು ಇದನ್ನು ಹಳೆಯ ನೋವಿನ ಕಾವ್ಯಮಯ ಸ್ಮರಣೆಯೆಂದು ಹೇಳಿ ಬಿಡುತ್ತಾರೆ. ಅದು ಸಾಲದು. ಸೆರೆಯಲ್ಲಿ ಹುಟ್ಟಿ ಹೆಸರಾದ ಕೃತಿಗಳ ವಿಳಾಸಗಳನ್ನು ಮತ್ತೊಮ್ಮೆ ನೋಡಬೇಕು: ಅರಸ, ಯಮ. ಹೆಂಡತಿಯ ವಿಳಾಸಕ್ಕೆ ಬರೆದ ಕೃತಿ ಅವುಗಳಲ್ಲಿಲ್ಲ. ರಾಜದ್ರೋಹಿಯೆಂಬ ಹೆಸರು ಹೊತ್ತವನು ರಾಣಿಗೆ ಬರೆದ ಒಂದೊಂದು ಸಾಲೂ ಅವನಿಗಿಂತ ಹೆಚ್ಚಾಗಿ ಅವಳನ್ನು ಅಪಾಯಕ್ಕೆ ಒಡ್ಡಬಹುದಾಗಿದ್ದ ದಿನಗಳವು. ಆಗ ಮನವಿಪತ್ರ ಬರೆಯಬಹುದಾಗಿತ್ತು, ಪ್ರೇಮಪತ್ರವನ್ನು ಲೋಕದ ಕೈಗೆ ಕೊಡುವಂತಿರಲಿಲ್ಲ. ಮಹಾರಾಜರು ಹೋಗಿ ಹದಿನಾಲ್ಕು ವರ್ಷಗಳಾದ ಮೇಲೆ, ಅವರ ನಂತರದ ವಿಶಾಖಂ ತಿರುನಾಳರೂ 1885ರಲ್ಲಿ ತೀರಿಕೊಂಡು ಮೂಲಂ ತಿರುನಾಳರ ಆಳಿಕೆ ಬಂದ ಮೇಲೆ, ಆ ತಡೆದ ಪತ್ರವನ್ನು ಬರೆದು ಹರಿಪಾಡಿನ ವಿಳಾಸ ಹಾಕಿದರು. ಮಯೂರಸಂದೇಶ ಸ್ಮರಣೆಯಲ್ಲ, ಬಾಕಿ ಸಂದಾಯ.

ಹೀಗೆ ಓದಿದರೆ ಅದರ ರೂಪದ ವಿಷಯದಲ್ಲೂ ಒಂದು ಮಾತು ಹೊಳೆಯುತ್ತದೆ. ಕೇರಳವರ್ಮರು ಪ್ರಾಸಪಕ್ಷಪಾತಿಗಳು. ಶ್ಲೋಕದ ನಾಲ್ಕು ಪಾದಗಳಲ್ಲೂ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬುದು ಅವರ ಹಠ; ನಮ್ಮ ಆದಿಪ್ರಾಸವೇ ಅದು, ಮಲಯಾಳ ಬಾರದ ಕನ್ನಡಿಗನ ಕಿವಿಗೂ ತಿಳಿಯುತ್ತದೆ. ಮಯೂರಸಂದೇಶದಲ್ಲಿ ಆ ಕಟ್ಟು ಪದ್ಯದಿಂದ ಪದ್ಯಕ್ಕೆ ನಡೆದಿದೆ. ಮುಂದೆ ಇದೇ ಪ್ರಾಸವನ್ನು ಕುರಿತು ಅವರಿಗೂ ಅವರ ಸೋದರಳಿಯರಾದ ಎ. ಆರ್. ರಾಜರಾಜವರ್ಮರಿಗೂ ದೊಡ್ಡ ವಾದ ನಡೆದು, ಮಲಯಾಳದ ಕವಿಗಳು ಎರಡು ಪಕ್ಷವಾದರು. ಕನ್ನಡದಲ್ಲಿ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ಬಿಟ್ಟುದನ್ನು ಎಲ್ಲರೂ ಬಲ್ಲರು; ಆ ಮಂಜೇಶ್ವರವೂ 1956ರಿಂದ ಈ ರಾಜ್ಯದ್ದೇ. ಪ್ರಾಸ ಭಾವವನ್ನು ಕಟ್ಟಿಹಾಕುತ್ತದೆಂಬುದು ಬಿಟ್ಟವರ ವಾದ. ಸಾಮಾನ್ಯವಾಗಿ ಅದು ನಿಜ. ಆದರೆ ಇಪ್ಪತ್ತು ವರ್ಷ ಎದೆಯೊಳಗೆ ಉಳಿದ ಮಾತನ್ನು, ರಾಣಿಯನ್ನು ಕುರಿತ ಮಾತನ್ನು, ಎಲ್ಲರೆದುರು ಹೇಳಬೇಕಾದವನಿಗೆ ಇಂಥ ಕಟ್ಟು ಒಂದು ಮರೆಯೂ ಆಗುತ್ತದೆ. ಪಂಡಿತರು ಪ್ರಾಸವನ್ನು ಎಣಿಸುತ್ತಿರುವಾಗ ಪತ್ರ ಸೇರಬೇಕಾದವರನ್ನು ಸೇರುತ್ತದೆ.

ಲಕ್ಷ್ಮೀಬಾಯಿಯವರು 1901ರ ಜೂನಿನಲ್ಲಿ ತೀರಿಕೊಂಡರು. ಮಕ್ಕಳಿಲ್ಲದುದರಿಂದ ಹಿಂದಿನ ವರ್ಷವಷ್ಟೇ ರವಿವರ್ಮರ ಮೊಮ್ಮಕ್ಕಳಾದ ಇಬ್ಬರು ಬಾಲೆಯರನ್ನು ಮನೆತನಕ್ಕೆ ದತ್ತು ತಂದಿದ್ದರು. ಕೇರಳವರ್ಮರು ಮತ್ತೆ ಹದಿಮೂರು ವರ್ಷ ಬಾಳಿದರು. 1914ರ ಸೆಪ್ಟೆಂಬರಿನಲ್ಲಿ ರಾಜರಾಜವರ್ಮರೊಡನೆ ಪ್ರಯಾಣಮಾಡುತ್ತಿದ್ದಾಗ ಕಾಯಂಕುಳದ ಸಮೀಪ ಅವರ ಮೋಟಾರು ಉರುಳಿತು. ಆ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳಲಿಲ್ಲ. ಹರಿಪಾಡಿನಿಂದ ಕೊಲ್ಲದ ಕಡೆಗೆ ಹೊರಟವರಿಗೆ ಕಾಯಂಕುಳಂ ದಾರಿಯಲ್ಲಿ ಮೊದಲು ಸಿಗುವ ದೊಡ್ಡ ಊರು.

ದತ್ತು ಬಂದವರಲ್ಲಿ ಹಿರಿಯವರಾದ ಸೇತುಲಕ್ಷ್ಮೀಬಾಯಿಯವರು 1906ರಲ್ಲಿ ಹರಿಪಾಡಿನ ಅದೇ ಮನೆತನದ ರಾಮವರ್ಮರನ್ನು ಕೈಹಿಡಿದರು. 1924ರಿಂದ 1931ರವರೆಗೆ ಅವರು ರೀಜೆಂಟರಾಗಿ ತಿರುವಾಂಕೂರನ್ನು ಆಳಿದರು. ವೈಕಂ ಸತ್ಯಾಗ್ರಹದ ಸಂಬಂಧದಲ್ಲಿ 1925ರಲ್ಲಿ ಗಾಂಧೀಜಿ ವರ್ಕಲದಲ್ಲಿ ಭೇಟಿಯಾದದ್ದು ಅವರನ್ನೇ. ದೇವಾಲಯಗಳಲ್ಲಿ ಪ್ರಾಣಿಬಲಿ ನಿಂತದ್ದು ಅವರ ಆಳಿಕೆಯಲ್ಲಿ. ಆ ಏಳು ವರ್ಷಗಳಲ್ಲಿ ವಿರೋಧಿಗಳಿಗೆ ರಾಣಿಯವರ ಮೇಲೆ ನೇರವಾಗಿ ಹೇಳಲು ಹೆಚ್ಚೇನೂ ಸಿಗಲಿಲ್ಲ. ಅವರು ಎತ್ತಿದ್ದು ಹಳೆಯ ಮಾತನ್ನೇ, ಎಲ್ಲದರ ಹಿಂದೆಯೂ ಕೋಯಿತ್ತಂಬುರಾನರ ಕೈಯಿದೆಯೆಂದು. ಕಾಲ ಬದಲಾದುದರಿಂದ ಈ ಸಾರಿ ಸೆರೆಯ ಪ್ರಸಂಗ ಬರಲಿಲ್ಲ. 1931ರ ನವೆಂಬರಿನಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟ ರಾಣಿಯವರು ರಾಜ್ಯದ ವ್ಯವಹಾರಕ್ಕೆ ಮತ್ತೆ ಮರಳಲಿಲ್ಲ. 1950ರ ದಶಕದ ಕೊನೆಯ ಹೊತ್ತಿಗೆ ಅವರು ತಿರುವನಂತಪುರವನ್ನೇ ಬಿಟ್ಟು ನಡೆದರು. ಪೂಜಪ್ಪುರದ ಅವರ ಸಾಟೆಲ್‌ಮಂಡ್ ಅರಮನೆಯಲ್ಲಿ ಈಗ ಶ್ರೀಚಿತ್ರಾ ವೈದ್ಯಕೀಯ ಸಂಸ್ಥೆಯ ಒಂದು ವಿಭಾಗವಿದೆ. ಅವರು ಹೋಗಿ ನೆಲೆಸಿದ್ದು ಬೆಂಗಳೂರಿನಲ್ಲಿ. ಮೈಸೂರಿನ ದಂಡಿಗೆ ಹೆದರಿ ಪರಪ್ಪನಾಡಿನಿಂದ ಓಡಿಬಂದವರ ವಂಶದ ರಾಮವರ್ಮರು ತಮ್ಮ ಕೊನೆಯ ದಿನಗಳನ್ನು ಮೈಸೂರು ರಾಜ್ಯದ ರಾಜಧಾನಿಯಾಗಿದ್ದ ಆ ಊರಿನಲ್ಲಿ ಹೆಂಡತಿಯ ಜೊತೆಗೇ ಕಳೆದರು. ರಾಣಿಯವರು 1985ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡರು.